ಇದ್ದದ್ದು ಇದ್ದ ಹಾಗೆ

ಜಪಾನಿನಿಂದ ಹಡಗೇರಿ ಬಂದ ಕಾರು ಅದು.
ಕೀಲಿ ತಿರುವಿದೊಡನೆ ಹೆಣ್ಣು ದನಿಯೊಂದು
ಜಪಾನಿಯಲ್ಲಿ ಏನೋ ಹೇಳುತ್ತಿತ್ತು,
ದಿನಾ, ತಪ್ಪದೆ, ಬಹಳ ವಿನಯದಿಂದ.
ಒಮಾರೂ ಪಟ್ಟಣದಲ್ಲಿ ಯಾರಿಗೂ ಅರ್ಥವಾಗದ ವಿನಯ.

ಮೆಲೆನಾಯಿಟೆ ಫಿಫಿಟಾ ಟೊಂಗಾ ದ್ವೀಪದವಳು,
ಮಾಂಸದ ಕಾರ್ಖಾನೆಯಲ್ಲಿ ಕುರಿಯ ಮೂಳೆ ಬಿಡಿಸುವ ಕೆಲಸ,
ನಸುಕಿನ ನಾಲ್ಕೂಮುಕ್ಕಾಲಿಗೆ ಪಾಳಿ.
ಏಳು ಸಾವಿರದ ಒಂಬೈನೂರು ಡಾಲರ್,
ಪ್ರತಿ ಗುರುವಾರ ಸಂಬಳದಲ್ಲಿ ಕಡಿತ.
ಹೆಸ್ಲಪ್ ಕಾಗದ ಮುಂದಿಟ್ಟು ಬೆರಳು ತೋರಿಸಿದ:
'ಇದ್ದದ್ದು ಇದ್ದ ಹಾಗೆ ಕೊಂಡಿದ್ದೇನೆ', ಇಲ್ಲಿ ಸಹಿ.
ಹಾಕಿದಳು. ಪೆನ್ನೂ ನೀನೇ ಇಟ್ಟುಕೋ ಎಂದನಂತೆ.

ಹತ್ತೊಂಬತ್ತನೆಯ ದಿನ ಏರಿನ ನಡುವೆ
ಜ್ವರದ ಕರುವಿನ ಹಾಗೆ ನಡುಗಿತು ಗಾಡಿ.
ಎಂಜಿನ್ ಕೂಗುತ್ತದೆ, ಚಕ್ರ ಕಿವಿಗೇ ಹಾಕಿಕೊಳ್ಳುವುದಿಲ್ಲ.
ದೀಪದ ಬೆಳಕಿನಲ್ಲಿ ಎರಡು ಪೆಂಗ್ವಿನ್ ರಸ್ತೆ ದಾಟಿದವು.
ಅವಕ್ಕೇನು, ನಡೆದೇ ಕೆಲಸಕ್ಕೆ ಹೋಗುವ ಜಾತಿ.

"ಹಳೇ ಗಾಡಿ ಅಂದಮೇಲೆ ಕೆಮ್ಮು ನೆಗಡಿ ಇದ್ದದ್ದೇ"
ಹೆಸ್ಲಪ್ ನಕ್ಕ. "ಸಹಿ ನಿನ್ನದೇ ತಾನೆ?"

ನನ್ನ ಗ್ಯಾರೇಜಿಗೆ ತಳ್ಳಿಕೊಂಡು ತಂದಳು,
ಹಿಂದೆ ಇಬ್ಬರು ತಮ್ಮಂದಿರು, ಒಬ್ಬ ಪಾದ್ರಿ.
ಗೇರ್‌ಪೆಟ್ಟಿಗೆಯ ತಳ ಬಿಚ್ಚಿದರೆ
ಎಣ್ಣೆಯಲ್ಲ, ಬೆಳ್ಳಿ ಚೂರಿನ ಗಂಜಿ.
ಐಸ್‌ಕ್ರೀಮ್ ಡಬ್ಬಿಗೆ ತುಂಬಿಸಿಕೊಂಡು
ಮುಚ್ಚಳದ ಮೇಲೆ ತಾರೀಖು ಬರೆದಳು.
ಅಡಿಯಲ್ಲಿ, ಹೊಸದಾಗಿ ಬಳಿದ ಕಪ್ಪು ಬಣ್ಣದ ಮೇಲೆ,
ಸ್ಕ್ರೂಡ್ರೈವರ್ ಊರಿದೆ.
ನೆನೆದ ರಸ್ಕಿಗೆ ಹೊಕ್ಕಂತೆ ಹಿಡಿಯವರೆಗೂ ಹೋಯಿತು.

ಯಾರು ಪಾಸು ಮಾಡಿದ್ದು ಇದನ್ನ? ಕೇಳಿದಳು.
ಗಾಜಿನ ಮೂಲೆಯ ಚೀಟಿ ನೋಡುವಂತೆ ನಟಿಸಿದೆ.
ನೋಡಬೇಕಾಗಿರಲಿಲ್ಲ.
ತಿಂಗಳಿಗೆ ನಲವತ್ತು ಗಾಡಿ ಕಳಿಸುತ್ತಾನೆ ಹೆಸ್ಲಪ್,
ಒಂದೊಂದಕ್ಕೆ ಹನ್ನೆರಡು ನಿಮಿಷ.
ಅವತ್ತು ಕಪ್ಪು ಬಣ್ಣ ಕಂಡಿತ್ತು, ವಾಸನೆ ಇನ್ನೂ ಹಸಿ,
ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು.
ಊರಲಿಲ್ಲ.

ರಾತ್ರಿ ಕಾನೂನು ಓದಿದೆ, ಈ ಕಸುಬಿಗೆ ಬಂದು
ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ.
ಮಾರುವುದನ್ನೇ ಬದುಕು ಮಾಡಿಕೊಂಡವನು
ಮಾಲು ನೆಟ್ಟಗಿದೆ ಎಂಬ ಮಾತನ್ನು
ಇನ್ನೊಬ್ಬಳ ಸಹಿಯಿಂದ ಅಳಿಸಲಾರನಂತೆ.
ಬರೆಯದಿದ್ದರೂ ಅದು ಬರೆದೇ ಇರುತ್ತದೆ
ಪ್ರತಿ ರಸೀದಿಯ ಬೆನ್ನಿನಲ್ಲಿ.

ವಿಚಾರಣೆಯ ಕೋಣೆ. ವಕೀಲರಿಗೆ ಪ್ರವೇಶವಿಲ್ಲ.
ತೀರ್ಪು ಕೊಡುವಾಕೆಗೆ ನೆಗಡಿ.
ಒಂದು ಕಡೆ ಹೆಸ್ಲಪ್, ಟೈ, ಸಹಿ ಬಿದ್ದ ಕಾಗದ,
ಇನ್ನೊಂದು ಕಡೆ ಐಸ್‌ಕ್ರೀಮ್ ಡಬ್ಬಿ.
"ಇದ್ದದ್ದು ಇದ್ದ ಹಾಗೆ ಅಂತ ಇವನೇ ಬರೆಸಿದ್ದು" ಎಂದಳು,
"ಇದ್ದದ್ದನ್ನು ಮಾತ್ರ ಇದ್ದ ಹಾಗೆ ಹೇಳಲೇ ಇಲ್ಲ."
ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು.
ಹೆಸ್ಲಪ್ ಮೆಲ್ಲಗೆ, "ಡೂಗಲ್, ಯೋಚಿಸಿ ಹೇಳು."

ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೆ ಒದೆಯುತ್ತಾರೆ ಅನ್ನುತ್ತಾರಲ್ಲ,
ಯಾರೂ ಏಳಲಿಲ್ಲ.
ಹೇಳಿದೆ: ಗೇರ್‌ಪೆಟ್ಟಿಗೆ, ತುಕ್ಕು, ಹನ್ನೆರಡು ನಿಮಿಷ, ಜೇಬು.
ಒದೆ ಒಳಗಿನಿಂದಲೇ ಬಿತ್ತು.

ಪೂರ್ತಿ ಹಣ ವಾಪಸ್. ಗುರುವಾರಗಳೂ ವಾಪಸ್.
ಕೀಲಿ ಕೊಡುವ ಮುನ್ನ ಕೊನೆಯ ಸಲ ತಿರುವಿದಳು.
ಪಕ್ಕದ ಹಾಸ್ಟೆಲಿನ ಜಪಾನಿ ಹುಡುಗ ಕಿವಿಗೊಟ್ಟ:
"ಕಾರ್ಡ್ ಹಾಕಿಲ್ಲ ಅನ್ನುತ್ತಿದೆ. ಟೋಲ್ ಕಟ್ಟುವ ಕಾರ್ಡ್."
ಅಷ್ಟೇ.
ತನ್ನಲ್ಲಿ ಇಲ್ಲದ್ದನ್ನು ದಿನಾ ಬೆಳಗ್ಗೆ
ಬಾಯಿಬಿಟ್ಟು ಹೇಳಿದ್ದು ಆ ವ್ಯಾಪಾರದಲ್ಲಿ ಅದೊಂದೇ.

ನಲವತ್ತು ಗಾಡಿ ಈಗ ಬೇರೆ ಗ್ಯಾರೇಜಿಗೆ ಹೋಗುತ್ತವೆ.
ಲಿಫ್ಟು ಖಾಲಿ ಇರುತ್ತದೆ, ರೇಡಿಯೋ ಜೋರಾಗಿ ಕೇಳುತ್ತದೆ.
ಮೊನ್ನೆ ಬಂದಳು, ಇನ್ನೊಂದು ಕಾರು,
ಇನ್ನೂ ಕೊಂಡಿಲ್ಲ, ತೋರಿಸಲು.
ಚೆನ್ನಾಗಿದೆ ಎಂದೆ, ನಿಂತಲ್ಲಿಂದಲೇ.
ಅವಳು ಟಾರ್ಚ್ ಹಿಡಿದು ಅಡಿಗೆ ಬಗ್ಗಿದಳು,
ನನ್ನ ಜೇಬಿನತ್ತ ನೋಡಿ,
"ಊರು" ಎಂದಳು.